ಬರೆಯುತ್ತಿರುವಾಗಲೇ ಎನ್‌ವಿಡಿಎ ಮೌನವಾಗುತ್ತಿದೆ, ದಯವಿಟ್ಟು ಸಹಾಯ ಮಾಡಿ

ಪದಯಾನಿ: ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇಲ್ಲದೆ ಕಂಪ್ಯೂಟರಿನಲ್ಲಿ ನಾನು ಒಂದಕ್ಷರವನ್ನೂ ಬರೆಯಲಾರೆ. ಹೀಗಿರುವಾಗ ಕೆಲವು ವಾರಗಳಿಂದ ನನ್ನ ಸ್ಕ್ರೀನ್ ರೀಡರ್ ಎನ್‌ವಿಡಿಎ ಕೆಲಸದ ನಡುವೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸುತ್ತಿದೆ. ಕಂಟ್ರೋಲ್, ಆಲ್ಟ್, ಎನ್ ಒತ್ತಿ ಮತ್ತೆ ಆರಂಭಿಸಿದರೆ ಸರಿಹೋಗುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ಮತ್ತದೇ ಪಾಡು. ಅರ್ಧ ಬರೆದ ವಾಕ್ಯ ಎಲ್ಲಿಗೆ ನಿಂತಿತೆಂದು ತಿಳಿಯದೆ ಕೈಕಟ್ಟಿ ಕೂರಬೇಕಾಗಿದೆ.

ಧ್ವನಿಗಾರ: ಇದು ಸೌಂಡ್ ಡ್ರೈವರಿನ ತೊಂದರೆ, ಅನುಮಾನವೇ ಬೇಡ. ವಿದ್ಯುತ್ ಉಳಿಸಲೆಂದು ಧ್ವನಿ ಸಾಧನವನ್ನು ಆಗಾಗ ನಿಷ್ಕ್ರಿಯಗೊಳಿಸುವ ಡ್ರೈವರುಗಳಿವೆ. ಅದನ್ನು ತೆಗೆದು ಹೊಸದಾಗಿ ಹಾಕಿಕೊಳ್ಳಿ.

ಆರುಚುಕ್ಕಿ: ಆ ತೊಂದರೆಯಲ್ಲಿ ಸಾಮಾನ್ಯವಾಗಿ ವಾಕ್ಯದ ಆರಂಭದ ಪದಗಳು ನುಂಗಿಹೋಗುತ್ತವೆಯೇ ಹೊರತು ಮಾತು ಪೂರ್ತಿ ನಿಲ್ಲುವುದಿಲ್ಲ. ಪದಯಾನಿಯವರೇ, ಮೌನವಾದಾಗ ಆಲ್ಟ್ ಮತ್ತು ಟ್ಯಾಬ್ ಒತ್ತಿ ಬೇರೆ ಪ್ರೋಗ್ರಾಮಿಗೆ ಹೋದರೆ ಅಲ್ಲಿ ಓದುತ್ತದೆಯೇ? ಎನ್‌ವಿಡಿಎಯ ಕೀಬೋರ್ಡ್ ಲೇಔಟ್, ಅಂದರೆ ಅದರ ಆಜ್ಞೆಗಳ ಕೀಲಿ ಜೋಡಣೆ, ಡೆಸ್ಕ್‌ಟಾಪಿನದೋ ಲ್ಯಾಪ್‌ಟಾಪಿನದೋ?

ಧ್ವನಿಗಾರ: ಲೇಔಟಿಗೂ ಧ್ವನಿಗೂ ಏನು ಸಂಬಂಧ? ನಾನು ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಜೊತೆಗೆ, ಪರದೆಯ ಅಕ್ಷರಗಳನ್ನು ಬೆರಳಿಗೆ ತಿಳಿಯುವ ಚುಕ್ಕಿಗಳಾಗಿ ತೋರಿಸುವ 40 ಕೋಶಗಳ ಬ್ರೈಲ್ ಡಿಸ್‌ಪ್ಲೇ ಬಳಸುತ್ತೇನೆ, ಸರಿಯಾದ ಡ್ರೈವರ್ ಹಾಕಿದ ಮೇಲೆ ಒಮ್ಮೆಯೂ ತೊಂದರೆಯಾಗಿಲ್ಲ. ಅದೂ ಆಗದಿದ್ದರೆ ಎನ್‌ವಿಡಿಎ ಕೀಲಿ (ಅದರ ಆಜ್ಞೆಗಳಿಗೆಂದು ಆರಿಸಿಕೊಂಡ ಕೀಲಿ), ಕಂಟ್ರೋಲ್, ಎಸ್ ಒತ್ತಿ, ಅಕ್ಷರಗಳನ್ನು ಮಾತಾಗಿಸುವ ಧ್ವನಿ ಎಂಜಿನ್ ಬದಲಿಸಿ.

ಪದಯಾನಿ: ಡ್ರೈವರನ್ನೂ ಧ್ವನಿ ಎಂಜಿನ್ನನ್ನೂ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಬೇರೆ ಪ್ರೋಗ್ರಾಮಿನಲ್ಲಿ ಎಂದಿನಂತೆ ಓದುತ್ತದೆ, ಬರೆಯುವ ಪ್ರೋಗ್ರಾಮಿಗೆ ಮರಳಿದೊಡನೆ ಮೌನ. ನನ್ನದು ಲ್ಯಾಪ್‌ಟಾಪ್, ಲೇಔಟ್ ಡೆಸ್ಕ್‌ಟಾಪಿನದು, ಎನ್‌ವಿಡಿಎ ಕೀಲಿಯಾಗಿ ಕ್ಯಾಪ್ಸ್ ಲಾಕ್ ಇಟ್ಟುಕೊಂಡಿದ್ದೇನೆ. ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸಲು ಕಂಟ್ರೋಲ್, ಶಿಫ್ಟ್, ಎಸ್ ಒತ್ತುವಾಗಲೇ ಹೆಚ್ಚಾಗಿ ಹೀಗಾಗುತ್ತದೆ. ಮೌನವಾಗುವ ಮುನ್ನ ಎರಡು ಮೂರು ಪದಗಳನ್ನು ಗಡಿಬಿಡಿಯಲ್ಲಿ ಹೇಳಿದಂತಾಗುತ್ತದೆ, ವೇಗ ಹೆಚ್ಚಿಟ್ಟಿರುವುದರಿಂದ ಸ್ಪಷ್ಟವಾಗುವುದಿಲ್ಲ.

ಆರುಚುಕ್ಕಿ: ಆ ಪದಗಳಲ್ಲೇ ಉತ್ತರವಿದೆ, ಅವು ‘ಸ್ಲೀಪ್ ಮೋಡ್ ಆನ್’ ಎಂದಿರಬೇಕು. ಡೆಸ್ಕ್‌ಟಾಪ್ ಲೇಔಟಿನಲ್ಲಿ ಎನ್‌ವಿಡಿಎ ಕೀಲಿಯ ಜೊತೆ ಶಿಫ್ಟ್ ಮತ್ತು ಎಸ್ ಒತ್ತಿದರೆ, ಆಗ ತೆರೆದಿರುವ ಪ್ರೋಗ್ರಾಮಿಗೆ ಮಾತ್ರ ಸ್ಲೀಪ್ ಮೋಡ್ ಆನ್ ಆಗುತ್ತದೆ. ತಾವೇ ಮಾತನಾಡುವ ಪ್ರೋಗ್ರಾಮುಗಳಲ್ಲಿ ಎರಡು ಧ್ವನಿಗಳು ಒಂದರ ಮೇಲೊಂದು ಬೀಳದಿರಲೆಂದು ಈ ಸೌಲಭ್ಯವಿದೆ, ಇದರಲ್ಲಿ ಮಾತಿನೊಂದಿಗೆ ಬ್ರೈಲ್ ಕೂಡ ನಿಲ್ಲುತ್ತದೆ. ಶಿಫ್ಟ್‌ನ ಕೆಳಗೆ ಕಂಟ್ರೋಲ್, ಮೇಲೆ ಕ್ಯಾಪ್ಸ್ ಲಾಕ್ ಇರುವುದರಿಂದ ಬೆರಳು ಒಂದು ಸಾಲು ಮೇಲೆ ಬಿದ್ದರೂ ಸಾಕು. ಎನ್‌ವಿಡಿಎ ಮರುಪ್ರಾರಂಭವಾದಾಗ ಈ ಸ್ಥಿತಿ ಉಳಿಯುವುದಿಲ್ಲವಾದ್ದರಿಂದಲೇ ನಿಮಗೆ ಮಾತು ಮರಳುತ್ತಿತ್ತು. ಮುಂದಿನ ಸಲ ಮೌನವಾದಾಗ ಅದೇ ಪ್ರೋಗ್ರಾಮಿನಲ್ಲಿ ಅದೇ ಮೂರು ಕೀಲಿಗಳನ್ನು ಮತ್ತೆ ಒತ್ತಿ ನೋಡಿ.

ಕೀಲಿಕೈ: ಕ್ಯಾಪ್ಸ್ ಲಾಕನ್ನು ಎನ್‌ವಿಡಿಎ ಕೀಲಿಯಾಗಿ ಇಟ್ಟುಕೊಳ್ಳುವುದೇ ಸರಿಯಲ್ಲವೆಂದು ಹಿಂದಿನಿಂದಲೂ ಹೇಳುತ್ತಿದ್ದೇನೆ. ಇನ್ಸರ್ಟ್ ಸಾಲದೇ?

ಆರುಚುಕ್ಕಿ: ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಇನ್ಸರ್ಟ್ ಬೇಕಾದರೆ ಎಫ್‌ಎನ್ ಕೀಲಿಯನ್ನೂ ಹಿಡಿದಿರಬೇಕು. ಒಂದೇ ಕೈ ಬಳಸುವವರಿಗಂತೂ ಅದು ದೊಡ್ಡ ಅಡ್ಡಿ. ಕೀಲಿಯ ಆಯ್ಕೆಯನ್ನು ಬಳಸುವವರಿಗೇ ಬಿಡೋಣ.

ಪದಯಾನಿ: ಹಾಗೆಯೇ ಒತ್ತಿದೆ, ಮಾತು ಬಂತು! ಹೃತ್ಪೂರ್ವಕ ಧನ್ಯವಾದಗಳು. ಲ್ಯಾಪ್‌ಟಾಪ್ ಲೇಔಟಿಗೆ ಬದಲಾದರೆ ಈ ತೊಂದರೆ ತಪ್ಪುತ್ತದೆಯೇ?

ಆರುಚುಕ್ಕಿ: ಪೂರ್ತಿ ತಪ್ಪುವುದಿಲ್ಲ. ಅಲ್ಲಿ ಎಸ್ ಬದಲು ಜ಼ೆಡ್ ಇದೆ, ಮತ್ತು ಕಂಟ್ರೋಲ್, ಶಿಫ್ಟ್, ಜ಼ೆಡ್ ಹಲವು ಪ್ರೋಗ್ರಾಮುಗಳಲ್ಲಿ ರೀಡೂ ಆಜ್ಞೆ, ಅಂದರೆ ರದ್ದು ಮಾಡಿದ್ದನ್ನು ಮತ್ತೆ ತರುವ ಆಜ್ಞೆ; ಅದನ್ನು ಒತ್ತುವಾಗಲೂ ಬೆರಳು ಹೀಗೆಯೇ ತಪ್ಪಬಹುದು. ಎನ್‌ವಿಡಿಎ ಮೆನುವಿನ ಪ್ರಿಫರೆನ್ಸಸ್‌ನಲ್ಲಿ, ಆಜ್ಞೆಗಳ ಕೀಲಿಗಳನ್ನು ಬದಲಿಸುವ ಇನ್‌ಪುಟ್ ಜೆಸ್ಚರ್ಸ್ ತೆರೆದು, ಹುಡುಕುವ ಜಾಗದಲ್ಲಿ ಸ್ಲೀಪ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಸಿಕ್ಕ ಆಜ್ಞೆಯ ಕೀಲಿ ಜೋಡಣೆಯನ್ನು ರಿಮೂವ್ ಗುಂಡಿಯಿಂದ ತೆಗೆದು ಓಕೆ ಒತ್ತಿ. ಸ್ಲೀಪ್ ಮೋಡ್ ನಿಮಗೆ ಎಂದಾದರೂ ಬೇಕಾದರೆ ಅಲ್ಲಿಯೇ ದೂರದ ಬೇರೆ ಕೀಲಿಗಳನ್ನು ಕೊಡಬಹುದು.