ಬಿಸಿಲಿಗೆ ಬೆಳ್ಳಗಾದ ಡಾಂಬರು: ಮೇಲೊಂದು ಪದರ ಹಾಕಿದರೆ ಸಾಕಾ?

ಪ್ರಶ್ನೆ – ಮದ್ದೂರು ಕಡೆಯವರು, ಸದ್ಯ ಜೈಸಲ್ಮೇರ್

ನಮಸ್ಕಾರ ಸರ್. ನಮ್ಮೂರು ಮದ್ದೂರು ಹತ್ತಿರ, ಕೆಲಸ ಮಾತ್ರ ರಾಜಸ್ಥಾನದ ಮರಳುಗಾಡಿನ ಜೈಸಲ್ಮೇರ್‌ನಲ್ಲಿ. ಒಂದು ಗೋದಾಮಿನ ಉಸ್ತುವಾರಿ ನನ್ನದು. ಮುಂದಿನ ಡಾಂಬರು ಅಂಗಳ ಸುಮಾರು 2,000 ಚದರ ಮೀಟರ್ ಇದೆ. ಹಾಕಿ ಹತ್ತು ವರ್ಷದ ಮೇಲಾಗಿದೆ. ಕಪ್ಪು ಬಣ್ಣವೇ ಹೋಗಿದೆ, ಗುಡಿಸಿದರೆ ಬೇಬಿ ಜಲ್ಲಿ ಎದ್ದು ಬರುತ್ತದೆ. ಅಂಗಳದ ತುಂಬ ಚೌಕ ಚೌಕವಾಗಿ ಬಿರುಕು. ಲಾರಿ ನಿಲ್ಲಿಸಿ ಲೋಡ್ ಇಳಿಸುವ ಕಡೆ ಚಕ್ರದ ಜಾಡು ಎರಡು ಬೆರಳು ಆಳ ಇಳಿದಿದೆ.

ಮೂವರು ಕಂಟ್ರಾಕ್ಟರ್‌ಗಳನ್ನು ಕರೆಸಿದೆ. ಒಬ್ಬರು ಮೇಲೆ 25 ಮಿ.ಮೀ. ಹೊಸ ಪದರ ಹಾಕಿದರೆ ಸಾಕು ಅಂತಾರೆ. ಇನ್ನೊಬ್ಬರು ಹಳೆಯದನ್ನು ಮಿಲ್ಲಿಂಗ್ ಮಾಡಿ, ಅಂದರೆ ಮೆಷಿನ್‌ನಿಂದ ಕೆರೆದು ತೆಗೆದು 50 ಮಿ.ಮೀ. ಹಾಕಬೇಕು ಅಂತಾರೆ. ಮೂರನೆಯವರು ಬರೀ ಸೀಲ್ ಕೋಟ್ ಅನ್ನುವ ತೆಳು ಲೇಪ ಸಾಕು, ಸುಮ್ನೆ ದುಡ್ಡು ಯಾಕೆ ಹಾಳು ಮಾಡ್ತೀರಿ ಅಂತಾರೆ. ಯಾರ ಮಾತು ನಂಬಲಿ?

ಉತ್ತರ – ರಸ್ತೆ ಇಂಜಿನಿಯರ್, ಮೈಸೂರು

ಮೂವರ ಮಾತಿನಲ್ಲೂ ಸ್ವಲ್ಪ ನಿಜ ಇದೆ. ಆದರೆ ಮೂವರೂ ಇಡೀ ಅಂಗಳಕ್ಕೆ ಒಂದೇ ಮದ್ದು ಹೇಳುತ್ತಿದ್ದಾರೆ. ನೀವು ಬರೆದದ್ದನ್ನು ನೋಡಿದರೆ ಅಲ್ಲಿರುವುದು ಎರಡು ಬೇರೆ ಬೇರೆ ಕಾಯಿಲೆ.

ಮೊದಲನೆಯದು ವಯಸ್ಸು. ಡಾಂಬರಿನೊಳಗಿನ ಹಗುರ ಎಣ್ಣೆ ಅಂಶ ಬಿಸಿಲಿಗೆ ಹಾರಿಹೋಗುತ್ತದೆ. ಉಳಿದದ್ದು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಗಟ್ಟಿ ಆದಷ್ಟೂ ಪೆಡಸು. ಆಮೇಲೆ ಜಲ್ಲಿಯನ್ನು ಹಿಡಿದಿಡುವುದಕ್ಕೆ ಆಗುವುದಿಲ್ಲ, ಅದಕ್ಕೇ ಗುಡಿಸಿದರೆ ಎದ್ದು ಬರುವುದು. ಮರಳುಗಾಡಿನಲ್ಲಿ ಹಗಲಿಗೂ ರಾತ್ರಿಗೂ ಬಿಸಿಯ ಅಂತರ ಜಾಸ್ತಿ. ಹಗಲು ಹಿಗ್ಗಿ ರಾತ್ರಿ ಕುಗ್ಗುವಾಗ ಪೆಡಸಾದ ಪದರ ಆ ಎಳೆತ ತಡೆಯದೆ ಚೌಕ ಚೌಕವಾಗಿ ಒಡೆಯುತ್ತದೆ. ಲಾರಿ ಹೋಗದ ಮೂಲೆಯಲ್ಲೂ ಇದೇ ಚೌಕಗಳು ಇವೆಯಾ ನೋಡಿ. ಇದ್ದರೆ ಅದು ಬಿಸಿಲಿನ ಕೆಲಸವೇ. ಬದಲಿಗೆ ಚಕ್ರದ ಜಾಡಿನಲ್ಲಿ ಮಾತ್ರ, ಅಂಗೈಗಿಂತ ಸಣ್ಣ ತುಂಡುಗಳಾಗಿ ಒತ್ತೊತ್ತಾಗಿ ಒಡೆದಿದ್ದರೆ ಕತೆ ಬೇರೆ. ಆಗ ಕೆಳಗಿನ ಮೆಟ್ಲಿಂಗ್ ಅಥವಾ ಮಣ್ಣು ಸೋತಿದೆ ಅಂತ ಅರ್ಥ. ಅದರ ಮೇಲೆ ಎಷ್ಟು ಪದರ ಹಾಕಿದರೂ ಅಷ್ಟೇ.

ಎರಡನೆಯದು ಜಾಡು. ಗಾಳಿಯ ಬಿಸಿ 45 ಡಿಗ್ರಿ ಇದ್ದಾಗ ಡಾಂಬರಿನ ಮೈ 65–70 ಡಿಗ್ರಿಗೆ ಹೋಗುವುದು ಅಲ್ಲಿ ಮಾಮೂಲು. ಆ ಬಿಸಿಗೆ ಡಾಂಬರು ನಿಧಾನಕ್ಕೆ ಹರಿಯುತ್ತದೆ. ಓಡುವ ಲಾರಿಗಿಂತ ನಿಂತ ಲಾರಿ ಹೆಚ್ಚು ಕೆಡಿಸುವುದು ಇದಕ್ಕೇ. ಭಾರ ಒಂದೇ, ಆದರೆ ಅದು ಗಂಟೆಗಟ್ಟಲೆ ಒಂದೇ ಕಡೆ ಕೂತಿರುತ್ತದೆ.

ಜಾಡಿನೊಳಗೆ ಒಂದು, ಅದರ ಪಕ್ಕದ ಉಬ್ಬಿನಲ್ಲಿ ಒಂದು ಕೋರ್ ತೆಗೆಸಿ, ಅಂದರೆ ಡಾಂಬರನ್ನು ಪೂರ್ತಿ ದಪ್ಪಕ್ಕೆ ಕೊರೆದು ತೆಗೆದ ದುಂಡನೆಯ ತುಂಡು. ಒಳಗೆ ತೆಳು, ಪಕ್ಕದಲ್ಲಿ ದಪ್ಪ ಇದ್ದರೆ ಡಾಂಬರೇ ಸರಿದಿದೆ. ಎರಡೂ ಒಂದೇ ದಪ್ಪ ಇದ್ದು ಇಡೀ ಪದರ ಕೆಳಗೆ ಕೂತಿದ್ದರೆ ತಳ ಕುಸಿದಿದೆ. ಕೋರ್ ತೆಗೆಸುವ ಖರ್ಚು ಇಡೀ ಕೆಲಸದ ಮುಂದೆ ಏನೂ ಅಲ್ಲ. ಆದರೂ ಯಾರೂ ತೆಗೆಸುವುದಿಲ್ಲ, ನೋಡಿ.

ಡಾಂಬರೇ ಸರಿದಿದೆ ಅಂತಾದರೆ ನನ್ನ ಸಲಹೆ ಇದು. ಲೋಡಿಂಗ್ ಜಾಗದಲ್ಲಿ ಡಾಂಬರಿನ ಆಸೆ ಬಿಡಿ, ಕಾಂಕ್ರೀಟ್ ಸ್ಲ್ಯಾಬ್ ಹಾಕಿ. ಲಾರಿ ನಿಲ್ಲುವ ಕಡೆ ಡೀಸೆಲ್, ಆಯಿಲ್ ತೊಟ್ಟಿಕ್ಕುವುದು ತಪ್ಪಿದ್ದಲ್ಲ. ಡೀಸೆಲ್ ಬಿದ್ದ ಕಡೆ ಡಾಂಬರು ಕರಗುತ್ತದೆ. ಉಳಿದ ಅಂಗಳದಲ್ಲಿ ಬಿರುಕುಗಳನ್ನು ಗಾಳಿ ಹೊಡೆದು ಚೊಕ್ಕ ಮಾಡಿ, ರಬ್ಬರ್ ಬೆರೆತ ಬಿಸಿ ಸೀಲೆಂಟ್ ತುಂಬಿ, ಮೇಲೆ 40 ಮಿ.ಮೀ. ಬಿಟುಮಿನಸ್ ಕಾಂಕ್ರೀಟ್, ಅಂದರೆ ಜಲ್ಲಿ–ಡಾಂಬರಿನ ಬಿಸಿ ಮಿಶ್ರಣ. ಬರೀ ಕಾರು, ಬೈಕು ನಿಲ್ಲುವ ಮೂಲೆಗೆ ಮೂರನೆಯವರು ಹೇಳಿದಂತೆ ತೆಳು ಲೇಪ ಸಾಕು. ಮೈಕ್ರೋ ಸರ್ಫೇಸಿಂಗ್ ಅಂತ ಜಲ್ಲಿ ಪುಡಿ ಬೆರೆತ ಡಾಂಬರಿನ ಲೇಪ ಬರುತ್ತದೆ, ಅದಾದರೆ ಇನ್ನೂ ಒಳ್ಳೆಯದು, ದಪ್ಪ 4ರಿಂದ 8 ಮಿ.ಮೀ. ಇರುತ್ತದೆ. ಆದರೆ ಅದು ಮೈ ಕಾಪಾಡುತ್ತದೆ ಅಷ್ಟೇ, ಬಲ ಕೊಡುವುದಿಲ್ಲ.

25 ಮಿ.ಮೀ. ಮಾತ್ರ ಬೇಡ. ಮಾಮೂಲಿ ಮಿಶ್ರಣದಲ್ಲಿ ದೊಡ್ಡ ಜಲ್ಲಿ 13 ಮಿ.ಮೀ. ಆಸುಪಾಸು ಇರುತ್ತದೆ. ಪದರದ ದಪ್ಪ ಅದರ ಮೂರು ಪಟ್ಟಾದರೂ ಇದ್ದರೆ ರೋಲರ್ ಕೆಳಗೆ ಜಲ್ಲಿ ಹೊರಳಿ ಕೂರುತ್ತದೆ. ಇಲ್ಲದಿದ್ದರೆ ಒಡೆಯುತ್ತದೆ. ಸಾಲದ್ದಕ್ಕೆ ಹಳೆಯ ಬಿರುಕುಗಳು ತೆಳು ಪದರವನ್ನು ಸೀಳಿಕೊಂಡು ಬೇಗ ಮೇಲೆ ಬರುತ್ತವೆ.

ಅದೇ ಸದಸ್ಯರು

ತುಂಬ ಥ್ಯಾಂಕ್ಸ್ ಸರ್. ಇನ್ನೊಂದು ಪ್ರಶ್ನೆ. ಎರಡನೆಯ ಕಂಟ್ರಾಕ್ಟರ್ ವಿಜಿ-40 ಡಾಂಬರೇ ಬೇಕು ಅಂತಾರೆ. ಮೊದಲನೆಯವರು ವಿಜಿ-30 ಸಾಕು, ಎಲ್ಲಾ ಕಡೆ ಅದೇ ನಡೆಯೋದು ಅಂತಾರೆ.

ಇಂಜಿನಿಯರ್

ನಮ್ಮ ಮೈಸೂರು–ಮಂಡ್ಯಕ್ಕೆ ವಿಜಿ-30 ಸರಿ. ನಿಮ್ಮಲ್ಲಿಗೆ ಅಲ್ಲ. ಈ ವಿಜಿ ಅನ್ನುವುದು ಡಾಂಬರಿನ ಸ್ನಿಗ್ಧತೆಯ ದರ್ಜೆ, ಅಂದರೆ ಎಷ್ಟು ಮಂದ ಅನ್ನುವುದು. ಅಳೆಯುವುದು 60 ಡಿಗ್ರಿಯಲ್ಲಿ. ಐಎಸ್ 73 ಅನ್ನುವ ಭಾರತೀಯ ಮಾನಕದ 2013ರ ಆವೃತ್ತಿಯಲ್ಲಿ ಏಳು ದಿನಗಳ ಸರಾಸರಿ ಗರಿಷ್ಠ ತಾಪ ನೋಡಿ ದರ್ಜೆ ಆರಿಸಿ ಅಂತಿದೆ. 38ರಿಂದ 45 ಡಿಗ್ರಿಗೆ ವಿಜಿ-30, 45 ದಾಟಿದರೆ ವಿಜಿ-40. ಫಲೋದಿ ನಿಮ್ಮ ಕಡೆಯದೇ ಅಲ್ವಾ? 2016ರ ಮೇ 19ರಂದು ಅಲ್ಲಿ 51 ಡಿಗ್ರಿ ದಾಖಲಾಗಿತ್ತು.

ಆದರೆ ಗಟ್ಟಿ ಡಾಂಬರು ತಂದುಬಿಟ್ಟರೆ ಮುಗಿಯಿತು ಅಂತ ಅಲ್ಲ. ರಾಜಸ್ಥಾನದ ಚಳಿಗಾಲದ ರಾತ್ರಿ ನಿಮಗೆ ಗೊತ್ತೇ ಇದೆ. ಬೇಸಿಗೆಗೆ ಹರಿಯಬಾರದು, ಚಳಿಗೆ ಸೀಳಬಾರದು. ಬಜೆಟ್ ಇದ್ದರೆ ಪಾಲಿಮರ್ ಬೆರೆತ ಡಾಂಬರು ಕೇಳಿ, ಪಿಎಂಬಿ ಅಂದರೆ ಕಂಟ್ರಾಕ್ಟರ್‌ಗೆ ಅರ್ಥವಾಗುತ್ತದೆ. ಹಳೆಯ ಟೈರಿನ ರಬ್ಬರ್ ಪುಡಿ ಬೆರೆಸಿದ್ದೂ ಸಿಗುತ್ತದೆ. ಈ ರಬ್ಬರ್ ವಿದ್ಯೆ ಬೆಳೆದದ್ದೇ ಮರಳುಗಾಡಿನ ಊರಿನಲ್ಲಿ. ಅಮೆರಿಕದ ಅರಿಜೋನಾದ ಫೀನಿಕ್ಸ್ ನಗರದ ಇಂಜಿನಿಯರ್ ಚಾರ್ಲ್ಸ್ ಮೆಕ್‌ಡೊನಾಲ್ಡ್ 1960ರ ದಶಕದಲ್ಲಿ ಬಿರುಕು ಬಿಟ್ಟ ರಸ್ತೆಗಳ ತೇಪೆಗೆ ಅಂತ ಶುರು ಮಾಡಿದ್ದು.

ಮಿಶ್ರಣದ ಬಗ್ಗೆಯೂ ಒಂದು ಮಾತು. ಅಲ್ಲಿ ಮರಳಿಗೆ ಬರವಿಲ್ಲ, ಹಾಗಂತ ದಿಬ್ಬದ ಮರಳು ಬೆರೆಸಲು ಬಿಡಬೇಡಿ. ಗಾಳಿಗೆ ಉರುಳಿ ಉರುಳಿ ಅದರ ಕಾಳು ದುಂಡಗಾಗಿರುತ್ತದೆ, ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಕ್ರಷರ್‌ನಲ್ಲಿ ಒಡೆದ ಪುಡಿಯೇ ಬೇಕು.

ಪ್ರಶ್ನೆ – ಕುವೆಂಪುನಗರ, ಮೈಸೂರು

ನಾನು ನಿವಾಸಿಗಳ ಸಂಘದಲ್ಲಿ ಇದ್ದೇನೆ ಸರ್. ಓದುತ್ತಾ ಒಂದು ಅನುಮಾನ ಬಂತು. ಡಾಂಬರು ಬಿಸಿಯಾಗಿ ಹಾಕುವ ವಸ್ತು ತಾನೇ? ಹಾಗಾದರೆ ಅಂಥ ಬಿಸಿಲಿನ ಊರಿನಲ್ಲಿ ಕೆಲಸ ಸುಲಭ ಆಗಬೇಕಲ್ಲ?

ಇಂಜಿನಿಯರ್

ಅರ್ಧ ಸುಲಭ ಮೇಡಂ. ಪ್ಲಾಂಟ್‌ನಿಂದ ಟಿಪ್ಪರ್ ಬರುವಷ್ಟರಲ್ಲಿ ತಣ್ಣಗಾಗುವ ಭಯ ಕಡಿಮೆ. ವಿಜಿ-40 ಮಿಶ್ರಣ ಹಾಸುವಾಗ 150 ಡಿಗ್ರಿಗಿಂತ ಕೆಳಗಿರಬಾರದು, 100ಕ್ಕೆ ಇಳಿಯುವ ಮುಂಚೆ ರೋಲಿಂಗ್ ಮುಗಿಯಬೇಕು. ನಮ್ಮಲ್ಲಿ ಮೋಡ ಕವಿದ ಸಂಜೆ ಹೊತ್ತು ಈ ಲೆಕ್ಕ ತಪ್ಪುವುದು ಸಾಮಾನ್ಯ. ಅಲ್ಲಿ ತಪ್ಪುವುದು ಇನ್ನೊಂದು ಕಡೆ.

ಮಧ್ಯಾಹ್ನ ಹಾಸಿದರೆ ಪದರ ಆರುವುದೇ ಇಲ್ಲ. ಕೆಳಗಿನ ಹಳೆಯ ಮೈ 65 ಡಿಗ್ರಿ, ಮೇಲೆ ಸೂರ್ಯ. ರೋಲರ್ ಹೋದ ಕಡೆ ಮಿಶ್ರಣ ಕೂರುವ ಬದಲು ಮುಂದಕ್ಕೆ ಜರಗುತ್ತದೆ, ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಏಳುತ್ತದೆ. ಅವಸರಕ್ಕೆ ಅದೇ ಸಂಜೆ ಲಾರಿ ಬಿಟ್ಟರೆ ಹೊಸ ಪದರದಲ್ಲೇ ಜಾಡು ಬೀಳುತ್ತದೆ. ನಾನು ಗಲ್ಫ್‌ನಲ್ಲಿದ್ದಾಗ ಬೇಸಿಗೆಯ ಕೆಲಸವೆಲ್ಲ ರಾತ್ರಿಯೇ ನಡೆಯುತ್ತಿತ್ತು. ಕೂಲಿಯವರ ಜೀವದ ದೃಷ್ಟಿಯಿಂದಲೂ ಅದೇ ಸರಿ.

ಆಮೇಲೆ ಗಾಳಿಯಲ್ಲಿ ಬರುವ ಮರಳು. ಹೊಸದಕ್ಕೂ ಹಳೆಯದಕ್ಕೂ ಅಂಟು ಅಂದರೆ ಟ್ಯಾಕ್ ಕೋಟ್. ಡಾಂಬರಿನ ಎಮಲ್ಷನ್, ಅಂದರೆ ನೀರಿನಲ್ಲಿ ಬೆರೆಸಿದ ಡಾಂಬರನ್ನು ಚದರ ಮೀಟರಿಗೆ 200ರಿಂದ 300 ಗ್ರಾಂ ಸಿಂಪಡಿಸುತ್ತಾರೆ. ಸಿಂಪಡಿಸಿದಾಗ ಕಂದು ಬಣ್ಣ ಇರುತ್ತದೆ, ನೀರು ಬಿಟ್ಟ ಮೇಲೆ ಕಪ್ಪಾಗುತ್ತದೆ. ಕಪ್ಪಾದ ಮೇಲೆಯೇ ಮಿಶ್ರಣ ಹಾಸಬೇಕು. ಆದರೆ ತಡ ಮಾಡಿದರೆ ಅಂಟಿನ ಮೇಲೆ ಮರಳು ಕೂತು ಎರಡು ಪದರಗಳ ನಡುವೆ ಮರಳಿನ ಹಾಸಿಗೆ ಆಗುತ್ತದೆ. ಲಾರಿ ಬ್ರೇಕ್ ಹಾಕಿದ ಕಡೆ ಹೊಸ ಪದರ ಜಾರಿ ಮಡಿಚಿಕೊಳ್ಳುತ್ತದೆ. ಹಾಗಾಗಿ ಮಿಶ್ರಣ ಹಾಸುವ ಯಂತ್ರ, ಅಂದರೆ ಪೇವರ್ ಮುಟ್ಟುವಷ್ಟು ದೂರಕ್ಕೆ ಮಾತ್ರ ಸಿಂಪಡಿಸಿ, ಹಿಂದೆಯೇ ಹಾಸಿಕೊಂಡು ಹೋಗಬೇಕು.

ಪ್ರಶ್ನೆ – ಪಾಂಡವಪುರ ಕಡೆಯವರು

ಅಣ್ಣಾ, ಹಾಗಾದ್ರೆ ನಮ್ಮೂರ ರಸ್ತೆಗೂ ಈ ರಬ್ಬರ್, ಪಾಲಿಮರ್ ಡಾಂಬರು ಹಾಕಿಸಿಬಿಟ್ರೆ ಗಟ್ಟಿ ಬರ್ತದಾ? ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಎರಡೇ ವರ್ಷಕ್ಕೆ ಕಿತ್ತೋಯ್ತದೆ.

ಇಂಜಿನಿಯರ್

ಬರುವುದಿಲ್ಲ ಅಣ್ಣಾ. ನಿಮ್ಮಲ್ಲಿ ರಸ್ತೆಯನ್ನು ತಿನ್ನುತ್ತಿರುವುದು ಬಿಸಿಲಲ್ಲ, ನೀರು. ಜೈಸಲ್ಮೇರ್‌ನಲ್ಲಿ ವರ್ಷಕ್ಕೆ 200 ಮಿ.ಮೀ. ಆಸುಪಾಸು ಮಳೆ. ನಮ್ಮಲ್ಲಿ ಅದರ ಮೂರು ಪಟ್ಟಿಗೂ ಜಾಸ್ತಿ. ಮೇಲಾಗಿ ನಿಮ್ಮದು ನಾಲೆ ಬಯಲು. ನೀರು ಬಿಟ್ಟಾಗ ಗದ್ದೆ ತುಂಬುತ್ತದೆ, ರಸ್ತೆಯ ಅಡಿಯ ಮಣ್ಣೂ ನೆನೆಯುತ್ತದೆ. ನೆನೆದ ಮಣ್ಣಿನ ಮೇಲೆ ಕಬ್ಬು ಹೇರಿದ ಟ್ರ್ಯಾಕ್ಟರ್ ಹೋದರೆ ಮೇಲೆ ಯಾವ ಡಾಂಬರಿದ್ದರೂ ಕುಸಿಯುತ್ತದೆ.

ನಿಮ್ಮ ರಸ್ತೆಗೆ ದುಡ್ಡು ಹಾಕುವುದಾದರೆ ಮೊದಲು ಚರಂಡಿಗೆ ಹಾಕಿಸಿ. ರಸ್ತೆಯ ಮಟ್ಟ ಗದ್ದೆಗಿಂತ ಮೇಲಿರಲಿ. ನಡುವಿನಿಂದ ಅಂಚಿಗೆ ಇಳಿಜಾರು ನೂರಕ್ಕೆ ಎರಡರಿಂದ ಎರಡೂವರೆ ಇರಲಿ. ಅಂಚಿನ ಮಣ್ಣು ಡಾಂಬರಿಗಿಂತ ಎತ್ತರ ಆಗಿ ನೀರು ನಿಲ್ಲುತ್ತಿದ್ದರೆ ಅದನ್ನು ಕೆತ್ತಿ ತೆಗೆಸಿ. ಇಷ್ಟು ಮಾಡಿ ಮಾಮೂಲಿ ವಿಜಿ-30 ಹಾಕಿದರೂ ಈಗಿನದಕ್ಕಿಂತ ಎಷ್ಟೋ ವರ್ಷ ಹೆಚ್ಚಿಗೆ ಬರುತ್ತದೆ. ರಸ್ತೆ ಮೇಲೆ ಹುರುಳಿ, ರಾಗಿ ಹಾಸಿ ಒಕ್ಕಣೆ ಮಾಡುವುದರ ಬಗ್ಗೆ ನಾನೇನೂ ಹೇಳುವುದಿಲ್ಲ. ಅದರಿಂದ ಡಾಂಬರಿಗೇನೂ ಆಗಲ್ಲ, ಬೈಕಿನವರಿಗೆ ಆಗುತ್ತದೆ.

ಕುವೆಂಪುನಗರದ ಸದಸ್ಯರು

ನಮ್ಮ ಬಡಾವಣೆಯಲ್ಲಿ ಪ್ರತಿ ಸಲ ಹಳೆಯದರ ಮೇಲೇ ಹಾಕುತ್ತಾರೆ ಸರ್. ಈಗ ರಸ್ತೆ ಗೇಟಿಗಿಂತ ಮೇಲೆ ಬಂದಿದೆ. ಮಳೆ ಬಂದರೆ ನೀರು ಕಾಂಪೌಂಡ್ ಒಳಗೆ.

ಇಂಜಿನಿಯರ್

ಹಾಗಾದರೆ ಮಿಲ್ಲಿಂಗ್ ಮಾಡದೆ ಹಾಕಲು ಒಪ್ಪಬೇಡಿ. 40 ಮಿ.ಮೀ. ಹಾಕುವುದಾದರೆ 40 ಮಿ.ಮೀ. ತೆಗೆಯಬೇಕು. ತೆಗೆದ ಹಳೆಯ ಡಾಂಬರು ಕಸ ಅಲ್ಲ, ಪ್ಲಾಂಟ್‌ನಲ್ಲಿ ಹೊಸದರ ಜೊತೆ ಬೆರೆಸಬಹುದು. ಮ್ಯಾನ್‌ಹೋಲ್ ಮುಚ್ಚಳದ ಮಟ್ಟವನ್ನು ಮೊದಲೇ ಸರಿ ಮಾಡಿಸಿ. ಡಾಂಬರು ಹಾಕಿದ ವಾರಕ್ಕೇ ಪೈಪಿಗೆ ಅಂತ ಅಗೆಯುವ ಕೆಲಸ ಇದ್ದರೆ ಅದನ್ನೂ ಮುಂಚೆ ಮುಗಿಸಲಿ.

ಪ್ರಶ್ನೆ – ಬೋಗಾದಿ, ಮೈಸೂರು

ಸರ್, ರಸ್ತೆಗೆ ತಿಳಿ ಬಣ್ಣ ಬಳಿದು ತಂಪು ಮಾಡುವ ವಿಡಿಯೋ ನೋಡಿದೆ. ಜೈಸಲ್ಮೇರ್ ಅಣ್ಣನವರ ಅಂಗಳಕ್ಕೆ ಆಗಲ್ವಾ? ಪ್ಲಾಸ್ಟಿಕ್ ರಸ್ತೆ ಹೇಗೆ?

ಇಂಜಿನಿಯರ್

ಬಣ್ಣದ ಪ್ರಯೋಗ ಫೀನಿಕ್ಸ್‌ನಲ್ಲೇ 2020ರಲ್ಲಿ ಶುರುವಾಯಿತು. ಅಲ್ಲಿನ ವಿಶ್ವವಿದ್ಯಾಲಯದವರು ಅಳೆದು ನೋಡಿದಾಗ ಮಧ್ಯಾಹ್ನ ರಸ್ತೆಯ ಮೈ ಸುಮಾರು 6 ಡಿಗ್ರಿ ತಂಪಾಗಿತ್ತು. ಆದರೆ ಬಿಸಿಲು ಮೇಲಕ್ಕೆ ಪುಟಿದು ಅದರ ಮೇಲೆ ನಡೆಯುವವರಿಗೆ ಸೆಕೆ ಹೆಚ್ಚಾಗಿತ್ತು. ಹಮಾಲರು ದಿನವಿಡೀ ನಿಂತು ಕೆಲಸ ಮಾಡುವ ಅಂಗಳಕ್ಕೆ ನಾನು ಹೇಳುವುದಿಲ್ಲ.

ಪ್ಲಾಸ್ಟಿಕ್ ಒಳ್ಳೆಯದೇ. ಬಿಸಿ ಜಲ್ಲಿಗೆ ಚೂರು ಪ್ಲಾಸ್ಟಿಕ್ ಲೇಪಿಸಿ ಆಮೇಲೆ ಡಾಂಬರು ಬೆರೆಸುವ ವಿಧಾನ ಮಧುರೈನ ಪ್ರೊಫೆಸರ್ ಆರ್. ವಾಸುದೇವನ್ ಅವರದು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಜಲ್ಲಿಗೆ ನೀರು ತಾಗದಂತೆ ತಡೆಯುವುದು ಅದರ ದೊಡ್ಡ ಗುಣ. ಅಂದರೆ ಮರಳುಗಾಡಿಗಿಂತ ನಮ್ಮ ಕಡೆಗೇ ಹೆಚ್ಚು ಒಪ್ಪುತ್ತದೆ.

ಮದ್ದೂರು ಕಡೆಯ ಸದಸ್ಯರು

ಸರ್, ಕೊನೆಯದಾಗಿ. ನಾನು ಇಂಜಿನಿಯರ್ ಅಲ್ಲ. ಅವರು 40 ಮಿ.ಮೀ. ಹಾಕಿದರೋ 30 ಹಾಕಿದರೋ ಹೇಗೆ ತಿಳಿಯಲಿ?

ಇಂಜಿನಿಯರ್

ತೂಕದಿಂದ. 40 ಮಿ.ಮೀ. ಅದುಮಿದ ಪದರಕ್ಕೆ ಚದರ ಮೀಟರಿಗೆ ಸುಮಾರು 95 ಕೆ.ಜಿ. ಮಿಶ್ರಣ ಬೇಕು. ಸಾವಿರ ಚದರ ಮೀಟರಿಗೆ 95 ಟನ್. ಪ್ರತಿ ಟಿಪ್ಪರ್‌ನ ತೂಕದ ಚೀಟಿ ಇಸಿದುಕೊಂಡು ಕೂಡಿಸಿ. 70 ಟನ್‌ಗೇ ಮುಗಿಸಿದರೆ ಅಲ್ಲಿರುವುದು 30 ಮಿ.ಮೀ. ಕೋಲಿನಂಥ ಥರ್ಮಾಮೀಟರ್ ಒಂದು ತಂದು ಟಿಪ್ಪರ್‌ನ ಮಿಶ್ರಣಕ್ಕೆ ಚುಚ್ಚಿ ನೋಡಿ, ಚೀಟಿಯ ಹಿಂದೆಯೇ ಡಿಗ್ರಿ ಬರೆದಿಡಿ. ಕೆಲಸದ ಆರ್ಡರ್‌ನಲ್ಲಿ ಡಾಂಬರಿನ ದರ್ಜೆ, ಅದುಮಿದ ಮೇಲಿನ ದಪ್ಪ, ಮುಗಿದ ಮೇಲೆ ಕೋರ್ ತೆಗೆಯುವ ಹಕ್ಕು, ಈ ಮೂರೂ ಬರಹದಲ್ಲಿ ಇರಲಿ. ಕೆಲಸ ಚಳಿಗಾಲ ಮುಗಿಯುವ ಹೊತ್ತಿಗೆ ಇಟ್ಟುಕೊಳ್ಳಿ, ಏಪ್ರಿಲ್‌ಗೆ ತಳ್ಳಬೇಡಿ. ಪದರ ಸುತ್ತಲಿನ ಬಿಸಿಗೆ ಇಳಿಯುವ ತನಕ ಲಾರಿ ಬಿಡಬೇಡಿ.

ಮದ್ದೂರು ಕಡೆಯ ಸದಸ್ಯರು

ಆಯ್ತು ಸರ್. ಕೋರ್ ತೆಗೆಸಿ ಫೋಟೋ ಹಾಕ್ತೀನಿ.

ಇಂಜಿನಿಯರ್

ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಗೋದಾಮಿನ ಶಟರ್ ಕೆಳಗೆ ಎಷ್ಟು ಜಾಗ ಇದೆ ಅಂತಲೂ ಅಳೆದು ಹಾಕಿ. ಅಂಗಳ 40 ಮಿ.ಮೀ. ಏರಿದರೆ ಆ ಕಡೆ ಒಂದು ಪಟ್ಟಿ ಮಿಲ್ಲಿಂಗ್ ಮಾಡಿಸಬೇಕಾಗಬಹುದು.