ಮಾರ್ಕೆಟ್‌ನಲ್ಲಿ ಸಿಗದ ಸೊಪ್ಪು, ತರಕಾರಿ: ಬೆಳೆಸಿ ತಿಂದವರು ಹೇಳಿ

ಕೋಲಾರದಿಂದ ಪ್ರಶ್ನೆ

ಹೋದ ವರ್ಷ ಮನೆ ಕಟ್ಟಿದೆವು. ಹಿಂದೆ ಹತ್ತು ಅಡಿ ಅಗಲ, ಇಪ್ಪತ್ತೈದು ಅಡಿ ಉದ್ದ ಜಾಗ ಉಳಿದಿದೆ. ಕೆಂಪು ಮಣ್ಣು, ಬೋರ್‌ವೆಲ್ ನೀರು, ನೀರು ತುಂಬಾ ಗಡುಸು. ಟೊಮೆಟೊ ಹಾಕಿದ್ದೆ, ಎಲೆ ಮುದುರಿ ಹೋಯಿತು. ಎಲ್ಲಾ ಕಡೆ ಸಿಗುವ ತರಕಾರಿ ಬೇಡ, ಸ್ವಲ್ಪ ಬೇರೆ ಥರದ ಸೊಪ್ಪು, ಕಾಯಿ, ಪರಿಮಳದ ಎಲೆ ಬೆಳೆಸೋಣ ಅಂತ ಆಸೆ. ಕೇಲ್, ಜುಕಿನಿ, ರೋಸ್ಮರಿ ಬೀಜ ಆನ್‌ಲೈನ್‌ನಲ್ಲಿ ಕಾರ್ಟ್‌ಗೆ ಹಾಕಿಟ್ಟಿದ್ದೇನೆ. ದುಡ್ಡು ಕಟ್ಟುವ ಮುಂಚೆ ಕೇಳುತ್ತಿದ್ದೇನೆ. ನಿಮಗೆ ಯಾವುದು ಬಂತು, ಯಾವುದು ಕೈಕೊಟ್ಟಿತು?

ಚಿಂತಾಮಣಿ ಕಡೆಯಿಂದ

ಅಣ್ಣ, ಆ ಕಾರ್ಟ್ ಹಾಗೇ ಇರಲಿ, ಒಂದು ವಾರ ತಡೆಯಿರಿ. ನಾನು ಏಳು ವರ್ಷದಿಂದ ಹಿತ್ತಲಲ್ಲಿ ಏನೇನೋ ಹಾಕಿ ನೋಡಿದ್ದೇನೆ. ಮೊದಲ ವರ್ಷ ಹನ್ನೊಂದು ಪ್ಯಾಕೆಟ್ ಬೀಜ ತರಿಸಿದ್ದೆ. ಅರ್ಧದಷ್ಟು ಹುಟ್ಟಲೇ ಇಲ್ಲ. ಕೇಲ್ ಮಾತ್ರ ಚೆನ್ನಾಗಿ ಬಂತು. ಅಕ್ಟೋಬರ್‌ನಲ್ಲಿ ಹಾಕಿದ್ದೆ, ನಮ್ಮ ಕಡೆಯ ಡಿಸೆಂಬರ್ ಚಳಿ ಅದಕ್ಕೆ ಹಿಡಿಸಿತು. ಅತ್ತೆ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು "ಇದು ನವಿಲುಕೋಸಿನ ಎಲೆ ಅಲ್ವೇನಮ್ಮಾ" ಅಂದರು. ಅವರು ಹೇಳಿದ್ದು ಸರಿಯಾಗೇ ಇತ್ತು. ಎಲೆಕೋಸು, ಹೂಕೋಸು, ನವಿಲುಕೋಸು, ಕೇಲ್ ಎಲ್ಲಾ ಒಂದೇ ಜಾತಿಯ ಗಿಡಗಳು. ನವಿಲುಕೋಸು ಹಾಕಿದರೆ ಎಲೆ ಪಲ್ಯಕ್ಕಾಯಿತು, ಗೆಡ್ಡೆ ಸಾರಿಗಾಯಿತು. ಆಮೇಲೆ ನಾನು ಕೇಲ್ ಬೀಜ ತರಿಸಲಿಲ್ಲ.

ಆವತ್ತಿನಿಂದ ನನ್ನದು ಒಂದೇ ಪದ್ಧತಿ. ಯಾರ ಮನೆಯಲ್ಲಾದರೂ ಮಾಡಿದ್ದನ್ನು ಮೊದಲು ತಿನ್ನುವುದು. ಹಿಡಿಸಿದರೆ ಅವರ ಹತ್ತಿರವೇ ಬೀಜವೋ ಕಡ್ಡಿಯೋ ಕೇಳುವುದು. ಆಗ ಅಡುಗೆ ಮಾಡುವ ರೀತಿಯೂ ಬೀಜದ ಜೊತೆಗೇ ಬರುತ್ತದೆ. ಅಪರೂಪದ ಗಿಡ ಹಿತ್ತಲಲ್ಲಿ ಒಣಗಿ ಹೋಗುವುದು ಎಷ್ಟೋ ಸಲ ನೀರಿಲ್ಲದೆ ಅಲ್ಲ, ಕಿತ್ತು ಒಲೆ ಮೇಲೆ ಇಡುವವರಿಲ್ಲದೆ.

ಹಾಗೆ ಕೇಳಿ ಕೇಳಿ ತಂದಿದ್ದರಲ್ಲಿ ನನಗೆ ತುಂಬಾ ಇಷ್ಟವಾಗಿರುವುದು ಬೆರಕೆ ಸೊಪ್ಪು. ನೀವು ಕೋಲಾರದವರು, ಬೆರಕೆ ಸೊಪ್ಪಿನ ಮಸ್ಸೊಪ್ಪು ತಿಂದೇ ಇರುತ್ತೀರ. ಮಳೆ ಬಿದ್ದ ಮೇಲೆ ಅತ್ತೆ ಹೊಲದ ಬದುವಿನಲ್ಲಿ ಸೆರಗು ತುಂಬಾ ಆರಿಸಿ ತರುತ್ತಿದ್ದರು. ಅಣ್ಣೆ, ಕೊಮ್ಮೆ, ಗೋಣಿ, ಚಗತೆ, ಹೊನಗೊನೆ, ಗಣಿಕೆ, ಅದರ ಜೊತೆ ಒಂದು ಹಿಡಿ ನುಗ್ಗೆ ಸೊಪ್ಪು. ಈಗ ಹೊಲಗಳಿಗೆ ಕಳೆನಾಶಕ ಹೊಡೆಯುತ್ತಾರೆ. ಯಾವ ಬದುವಿನಲ್ಲಿ ಯಾವಾಗ ಹೊಡೆದರೋ ಗೊತ್ತಾಗುವುದಿಲ್ಲ, ನಂಬಿ ಕೀಳುವ ಹಾಗಿಲ್ಲ. ಅದಕ್ಕೇ ಇವನ್ನೆಲ್ಲ ಹಿತ್ತಲಿಗೆ ತಂದೆವು. ನಾಲ್ಕು ಅಡಿ ಅಗಲದ ಒಂದು ಪಾತಿ ಸಾಕು. ಎಲ್ಲಾ ನಮ್ಮ ಕೆಂಪು ಮಣ್ಣಿನವೇ, ಗಡಸು ನೀರಿಗೂ ಹೆದರುವುದಿಲ್ಲ, ಕೊಟ್ಟಿಗೆ ಗೊಬ್ಬರ ಬಿಟ್ಟರೆ ಬೇರೇನೂ ಕೇಳುವುದಿಲ್ಲ.

ಒಂದೊಂದರ ಗುಣ ಒಂದೊಂದು ಥರ. ಅಣ್ಣೆಯನ್ನು ಹೂವಿನ ಕಡ್ಡಿ ಬರುವ ಮುಂಚೆಯೇ ಕೀಳಬೇಕು, ಆಮೇಲೆ ಎಲೆ ಒರಟಾಗುತ್ತದೆ. ಚಗತೆಯಲ್ಲಿ ಎಳೆ ಚಿಗುರು ಮಾತ್ರ. ಹೊನಗೊನೆಗೆ ಬೀಜ ಬೇಡ. ಗೆಣ್ಣಿರುವ ಒಂದು ಗೇಣು ಕಡ್ಡಿ ಮಣ್ಣಿಗೆ ಒತ್ತಿದರೆ ಹತ್ತುತ್ತದೆ, ತೇವ ಇರುವ ಕಡೆ ಹಾಕಿ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಬಿಡಬಹುದು, ಸೋಪಿನ ಪುಡಿ ನೀರು ಬೇಡ. ಗಣಿಕೆ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿನೇ ಹೇಳುತ್ತೇನೆ, ಮನೆಯಲ್ಲಿ ಮಕ್ಕಳಿದ್ದರೆ ಗಮನ ಇರಲಿ. ಅದರ ಹಸಿರು ಕಾಯಿ ತಿನ್ನಬಾರದು, ಚೆನ್ನಾಗಿ ಕಪ್ಪಗೆ ಹಣ್ಣಾದ ಮೇಲೆ ಮಾತ್ರ ತಿನ್ನಬಹುದು. ಸೊಪ್ಪನ್ನು ಬೇಯಿಸಿಯೇ ತಿನ್ನಬೇಕು. ಉಮ್ಮತ್ತಿಯ ಎಳೆ ಸಸಿ ಅದರ ಪಕ್ಕದಲ್ಲೇ ಹುಟ್ಟಿದರೆ ಅವಸರದಲ್ಲಿ ಒಟ್ಟಿಗೆ ಕಿತ್ತುಬಿಡುತ್ತೇವೆ, ಉಮ್ಮತ್ತಿ ವಿಷ. ಗುರುತು ಸರಿಯಾಗಿ ಸಿಗದ ಯಾವ ಸೊಪ್ಪನ್ನೂ ಸೋಸುವಾಗ ಪಕ್ಕಕ್ಕೆ ಹಾಕಿಬಿಡಿ.

ಇನ್ನೊಂದು ಮಾತು, ನಮ್ಮ ಕಡೆಯವರಿಗೆ ಮುಖ್ಯ. ಪಕ್ಕದಲ್ಲಿ ಹಿಪ್ಪುನೇರಳೆ ತೋಟ ಇದ್ದರೆ ಏನೇ ಸಿಂಪಡಿಸುವ ಮುಂಚೆ ಅವರನ್ನು ಕೇಳಿ. ಬೇವಿನ ಎಣ್ಣೆ ನಮಗೆ ಸಾಧು ಅನ್ನಿಸುತ್ತದೆ, ಆದರೆ ಅದು ಬಿದ್ದ ಸೊಪ್ಪು ತಿಂದರೆ ರೇಷ್ಮೆ ಹುಳು ಉಳಿಯುವುದಿಲ್ಲ. ನಾನು ಗಾಳಿ ಇದ್ದ ದಿನ ಅವರೆ ಬಳ್ಳಿಗೆ ಹೊಡೆದಿದ್ದೆ. ಪಕ್ಕದ ಮನೆಯವರು ಆವತ್ತು ಆ ಸಾಲಿನ ಸೊಪ್ಪನ್ನೇ ಬಿಟ್ಟು ಬೇರೆ ಕಡೆಯಿಂದ ಕೊಯ್ದು ತಂದರು. ಅವರ ಮನೆಯ ಹುಳು ಆಗ ನಾಲ್ಕನೇ ಜ್ವರ (ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದು ಜೋರಾಗಿ ಮೇಯುತ್ತಿದ್ದ ಸಮಯ. ಒಂದು ಮಾತೂ ಬೈಯಲಿಲ್ಲ, ಆದರೆ ನನಗೆ ತುಂಬಾ ಬೇಜಾರಾಯಿತು. ಈಗ ಬಳ್ಳಿಯಲ್ಲಿ ಹೇನು ಕಂಡರೆ ನೀರು ರಭಸವಾಗಿ ಬಿಟ್ಟು ತೊಳೆಯುತ್ತೇನೆ, ಅಷ್ಟೇ.

ತುಮಕೂರಿನಿಂದ

ಮೇಲೆ ಅಕ್ಕ ಸೊಪ್ಪಿನ ಬಗ್ಗೆ ಹೇಳಿದ್ದಾರೆ. ನಾನು ರೋಸ್ಮರಿ, ಮಡಹಾಗಲ ಎರಡರ ಅನುಭವ ಹೇಳುತ್ತೇನೆ ಸರ್.

ರೋಸ್ಮರಿ ಬೀಜದಿಂದ ಬೇಡ. ಹುಟ್ಟುವುದು ನಿಧಾನ, ಹುಟ್ಟುವುದೂ ಕಮ್ಮಿ. ನರ್ಸರಿಯಿಂದ ಗಿಡ ತನ್ನಿ. ನಾನು ಮೂರು ಗಿಡ ಕಳೆದುಕೊಂಡೆ, ಮೂರೂ ಮಳೆಗಾಲದಲ್ಲೇ. ಅದು ಒಣ ಹವೆಯ ಗಿಡ, ಬೇರಿಗೆ ನೀರು ನಿಂತರೆ ಕೊಳೆಯುತ್ತದೆ. ನಾಲ್ಕನೆಯದನ್ನು ಅರ್ಧ ಮರಳು ಅರ್ಧ ಮಣ್ಣು ಹಾಕಿ ಮಣ್ಣಿನ ಕುಂಡದಲ್ಲಿ ನೆಟ್ಟು, ಬಿಸಿಲು ಬೀಳುವ ಆದರೆ ಮಳೆ ಬೀಳದ ಹಾಗೆ ಸಜ್ಜಾ ಕೆಳಗೆ ಇಟ್ಟೆ. ಬೆರಳು ಎರಡು ಗೆಣ್ಣು ಒಳಗೆ ಇಳಿಸಿದಾಗ ಮಣ್ಣು ಒಣಗಿದ್ದರೆ ಮಾತ್ರ ನೀರು. ಅದು ಎರಡು ವರ್ಷದಿಂದ ಇದೆ. ನಿಮ್ಮ ಹಾಗೆ ನಮ್ಮದೂ ಗಡಸು ನೀರು, ಕುಂಡದ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಅದು ನೀರಿನಲ್ಲಿರುವ ಸುಣ್ಣ, ಉಪ್ಪಿನ ಅಂಶ. ಮಳೆ ನೀರು ಡ್ರಮ್ಮಿನಲ್ಲಿ ಹಿಡಿದಿಟ್ಟು ಕುಂಡದ ಗಿಡಗಳಿಗೆ ಅದನ್ನೇ ಹಾಕಿ. ತಿಂಗಳಿಗೊಮ್ಮೆ ಕುಂಡದ ತಳದಿಂದ ನೀರು ಧಾರಾಳವಾಗಿ ಹರಿದು ಹೋಗುವ ಹಾಗೆ ಹಾಕಿದರೆ ಉಪ್ಪು ತೊಳೆದು ಹೋಗುತ್ತದೆ. ನೆಲದ ಗಿಡಗಳಿಗೆ ಇಷ್ಟು ತಲೆಬಿಸಿ ಇಲ್ಲ.

ತೆಂಗಿನ ನಾರಿನ ಪುಡಿ ತಿಪಟೂರು ಕಡೆ ಬೇಕಾದಷ್ಟು ಸಿಗುತ್ತದೆ ಅಂತ ಒಂದು ಮೂಟೆ ತಂದು ಹಾಗೇ ಕುಂಡಕ್ಕೆ ತುಂಬಿದ್ದೆ. ಸಸಿಗಳೆಲ್ಲ ಹಳದಿ ತಿರುಗಿದವು. ಹಸಿ ಪುಡಿಯಲ್ಲಿ ಒಗರಿನ ಅಂಶ, ಉಪ್ಪು ಎರಡೂ ಇರುತ್ತವೆ. ಮೂರು ನಾಲ್ಕು ಸಲ ನೀರಲ್ಲಿ ನೆನೆಸಿ ಹಿಂಡಿ, ಕಂದು ನೀರು ಹೋದ ಮೇಲೆ ಬಳಸಿ.

ಮಡಹಾಗಲ ನಿಜವಾಗಲೂ ಹಾಕಲೇಬೇಕಾದ ಬಳ್ಳಿ. ಆದರೆ ಇದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ನನಗೆ ಗೊತ್ತಿರಲಿಲ್ಲ. ಒಂದೇ ಗಡ್ಡೆ ತಂದು ನೆಟ್ಟೆ, ಚಪ್ಪರ ತುಂಬಾ ಹೂವು, ಒಂದು ಕಾಯಿ ಇಲ್ಲ. ಎರಡು ವರ್ಷ ಗೊಬ್ಬರ ಬದಲಾಯಿಸಿ ಬದಲಾಯಿಸಿ ನೋಡಿದೆ. ಆಮೇಲೆ ಹಳ್ಳಿಯ ದೊಡ್ಡವರೊಬ್ಬರು ಹೂವಿನ ಕೆಳಗೆ ನೋಡಿ "ಇದು ಗಂಡು ಕಣಪ್ಪ" ಅಂದರು. ಹೆಣ್ಣು ಹೂವಿನ ಬುಡದಲ್ಲಿ ಮುಳ್ಳು ಮುಳ್ಳಾದ ಪುಟ್ಟ ಪಿಂದೆ ಇರುತ್ತದೆ, ಗಂಡಿಗೆ ಬರೀ ತೊಟ್ಟು. ಬೀಜ ಹಾಕಿದರೆ ಹೂ ಬಿಡುವವರೆಗೆ ಯಾವುದು ಯಾವುದೆಂದು ಗೊತ್ತಾಗುವುದೇ ಇಲ್ಲ, ಅದಕ್ಕೇ ಗುರುತು ಗೊತ್ತಿರುವವರ ಹತ್ತಿರ ಗಡ್ಡೆಯನ್ನೇ ತನ್ನಿ. ಮನೆಗೆ ಎರಡು ಮೂರು ಹೆಣ್ಣು, ಒಂದು ಗಂಡು ಸಾಕು. ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಬೇಕು. ನಮ್ಮ ಕಾಡಿನ ಸಣ್ಣ ಕಾಯಿಯ ಜಾತಿ ಸಂಜೆ ಅರಳುತ್ತದೆ. ದೊಡ್ಡ ಕಾಯಿಯ ಅಸ್ಸಾಂ ಜಾತಿ ಬೆಳಿಗ್ಗೆ ಅರಳುತ್ತದೆ. ಅಸ್ಸಾಂ ಜಾತಿಯನ್ನು ಕೊಡಗಿನ ಚೆಟ್ಟಳ್ಳಿಯ ಐಐಎಚ್‌ಆರ್ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ಕೇಂದ್ರದವರು ರೈತರಿಗೆ ಪರಿಚಯಿಸಿದ್ದಾರೆ. ನಮಗೆ ಹತ್ತಿರದ್ದು ಅವರದೇ ಹಿರೇಹಳ್ಳಿ ಕೇಂದ್ರ, ನಿಮಗೆ ಟಮಕದ ಕೃಷಿ ವಿಜ್ಞಾನ ಕೇಂದ್ರ. ಹೋಗಿ ಕೇಳಿ, ಎಲ್ಲಿ ಸಿಗಬಹುದು ಅಂತ ವಿಚಾರಿಸಿ.

ಜುಕಿನಿ ಬಗ್ಗೆ ಎರಡೇ ಮಾತು. ಅದು ಕುಂಬಳದ ಜಾತಿ, ಮೊದಲು ಬರೀ ಗಂಡು ಹೂ ಬರುತ್ತದೆ, ಹೆದರಬೇಡಿ. ಎಲೆಗೆ ಬೂದಿ ರೋಗ ಬೇಗ ಹಿಡಿಯುತ್ತದೆ. ಬೆಳೆಸಬಹುದು, ಆದರೆ ಅಷ್ಟು ಜಾಗಕ್ಕೆ ಒಂದು ಸೀಮೆಬದನೆ ಬಳ್ಳಿ ಬಿಟ್ಟರೆ ಬೀದಿಯವರಿಗೂ ಹಂಚಬಹುದು. ಮೊಳಕೆ ಬಂದ ಇಡೀ ಕಾಯಿಯನ್ನೇ ಓರೆಯಾಗಿ ನೆಟ್ಟರಾಯಿತು.

ಗೌರಿಬಿದನೂರಿನಿಂದ

ಪರಿಮಳದ ಎಲೆ ಕೇಳಿದ್ದೀರ, ನನ್ನದೂ ಸೇರಿಸುತ್ತೇನೆ. ಪಿಜ್ಜಾ, ಪಾಸ್ತಾ ಮಕ್ಕಳಿಗೆ ಇಷ್ಟ ಅಂತ ಬೇಸಿಲ್, ಒರಿಗ್ಯಾನೊ ಹುಡುಕುತ್ತಿದ್ದೆ. ನಮ್ಮ ಕಾಮಕಸ್ತೂರಿಯೂ ಬೇಸಿಲ್ ಜಾತಿಯೇ, ವಾಸನೆ ಸ್ವಲ್ಪ ಖಾರ. ಹೂ ತೆನೆ ಚಿವುಟುತ್ತಾ ಇದ್ದರೆ ಎಲೆ ಬರುತ್ತಲೇ ಇರುತ್ತದೆ. ಒಂದೆರಡು ತೆನೆ ಬೀಜಕ್ಕೆ ಬಿಡಿ, ಬೇಸಿಗೆಯಲ್ಲಿ ನೀರಲ್ಲಿ ನೆನೆಸಿ ಪಾನಕಕ್ಕೆ ಹಾಕಬಹುದು. ಒರಿಗ್ಯಾನೊ ಬದಲಿಗೆ ದೊಡ್ಡಪತ್ರೆ. ಹೆಚ್ಚುಕಡಿಮೆ ಅದೇ ಘಮ, ಒಂದು ಕಡ್ಡಿ ಮುರಿದು ಚುಚ್ಚಿದರೆ ಸಾಕು.

ಒಂದು ಎಚ್ಚರಿಕೆ ಹೇಳಲೇಬೇಕು. ಚಕ್ರಮುನಿ, ವಿಟಮಿನ್ ಸೊಪ್ಪು ಅಂತ ಎಲ್ಲರೂ ಕಡ್ಡಿ ಹಂಚುತ್ತಾರೆ. ಗಿಡ ಒಳ್ಳೆಯದೇ, ನಮ್ಮ ಮನೆಯಲ್ಲೂ ಇದೆ. ಆದರೆ ಹಸಿಯಾಗಿ ರುಬ್ಬಿ ದಿನಾ ಜ್ಯೂಸ್ ಕುಡಿಯಿರಿ ಅಂದರೆ ಕೇಳಬೇಡಿ. 1990ರ ದಶಕದಲ್ಲಿ ತೈವಾನ್‌ನಲ್ಲಿ ತೂಕ ಇಳಿಸಲು ಹಾಗೆ ಹಸಿ ರಸ ಕುಡಿದ ಎಷ್ಟೋ ಜನರಿಗೆ ಶ್ವಾಸಕೋಶ ಹಾಳಾಯಿತು. ಯಾವಾಗಲಾದರೊಮ್ಮೆ ಒಂದು ಹಿಡಿ ಬೇಯಿಸಿ ಬೇಳೆ ಜೊತೆ ತಿನ್ನಿ.

ರೆಕ್ಕೆ ಅವರೆ ಕೂಡ ನೋಡಿ. ಬೀಜ ಕಲ್ಲಿನ ಥರ, ರಾತ್ರಿಯಿಡೀ ನೆನೆಸಿ ಜೂನ್‌ನಲ್ಲಿ ಹಾಕಿ. ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ. ಬರೀ ಬಳ್ಳಿ ಹಬ್ಬುತ್ತಿದೆ ಅಂತ ನಾನು ಸೆಪ್ಟೆಂಬರ್‌ನಲ್ಲಿ ಕಿತ್ತು ಹಾಕಿದೆ. ಅದೇ ಬೀಜ ತೆಗೆದುಕೊಂಡು ಹೋಗಿದ್ದ ನಮ್ಮ ಅಕ್ಕನ ಮನೆಯಲ್ಲಿ ಅಕ್ಟೋಬರ್ ಕೊನೆಗೆ ನೀಲಿ ಹೂ ಬಂದು ನವೆಂಬರ್ ಪೂರ್ತಿ ಕಾಯಿ.

ಕೋಲಾರದಿಂದ

ಎಲ್ಲರಿಗೂ ಧನ್ಯವಾದ. ಕೇಲ್, ಜುಕಿನಿ ಕಾರ್ಟ್‌ನಿಂದ ತೆಗೆದೆ. ಚಿಂತಾಮಣಿ ಅಕ್ಕ, ಅಣ್ಣೆ ಸೊಪ್ಪಿನ ಬೀಜ ಅಂಗಡಿಯಲ್ಲಿ ಸಿಗುತ್ತದಾ? ತುಮಕೂರಿನ ಸರ್, ಗಡ್ಡೆ ಯಾವಾಗ ನೆಡಬೇಕು? ಮತ್ತೆ ಟೊಮೆಟೊ ಯಾಕೆ ಹಾಗಾಯಿತು?

ತುಮಕೂರಿನಿಂದ

ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ನೆಡಿ. ಚಳಿಗಾಲಕ್ಕೆ ಬಳ್ಳಿ ಪೂರ್ತಿ ಒಣಗುತ್ತದೆ, ಸತ್ತಿತು ಅಂತ ಅಗೆದು ಎಸೆಯಬೇಡಿ, ಗಡ್ಡೆ ಒಳಗೆ ಮಲಗಿರುತ್ತದೆ. ಅಲ್ಲೊಂದು ಕಲ್ಲೋ ಕೋಲೋ ಗುರುತಿಗೆ ಇಡಿ. ಟೊಮೆಟೊ ಎಲೆ ಮುದುರುವುದು ಹೆಚ್ಚಾಗಿ ಬಿಳಿ ನೊಣ ಹರಡುವ ವೈರಸ್‌ನಿಂದ. ನಿಮ್ಮ ಸುತ್ತ ವರ್ಷವಿಡೀ ಟೊಮೆಟೊ ಇರುವುದರಿಂದ ನೊಣ ಬರುತ್ತಲೇ ಇರುತ್ತದೆ. ಸಸಿಗೆ ಮೊದಲ ಒಂದು ತಿಂಗಳು ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟಿ ನೋಡಿ.

ಚಿಂತಾಮಣಿ ಕಡೆಯಿಂದ

ಅಂಗಡಿಯಲ್ಲಿ ನಾನು ಕಂಡಿಲ್ಲ ಅಣ್ಣ. ರಾಗಿ ಹೊಲದಲ್ಲಿ ಗುಲಾಬಿ ಬಿಳಿ ಬಣ್ಣದ ತೆನೆ ಎದ್ದು ನಿಂತಿರುತ್ತದಲ್ಲ, ಅದೇ ಅಣ್ಣೆ. ತೆನೆ ಒಣಗಿದ ಮೇಲೆ ಪೇಪರ್ ಮೇಲೆ ಕೊಡವಿದರೆ ಮಿರಮಿರ ಹೊಳೆಯುವ ಕಪ್ಪು ಬೀಜ ಉದುರುತ್ತವೆ. ಮರಳಿನ ಜೊತೆ ಬೆರೆಸಿ ಪಾತಿ ಮೇಲೆ ಎರಚಿ, ಮಣ್ಣು ಜಾಸ್ತಿ ಮುಚ್ಚಬೇಡಿ. ನನ್ನ ಹತ್ತಿರ ಹೋದ ವರ್ಷದ್ದು ಒಂದು ಡಬ್ಬಿ ಇದೆ. ಮುಂದಿನ ತಿಂಗಳು ಕೋಲಾರಕ್ಕೆ ತಂಗಿ ಮನೆಗೆ ಬರುತ್ತೇನೆ, ಹೊನಗೊನೆ ಕಡ್ಡಿಯೂ ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತೇನೆ. ಅಷ್ಟರಲ್ಲಿ ಪಾತಿ ಅಗೆದು ಗೊಬ್ಬರ ಹಾಕಿಡಿ.