ಪದಚರ್ಚೆ: ದೇವಗಣಗಿಲೆಯೋ, ದೇವಕಣಗಿಲೆಯೋ? ಜೊತೆಗೆ ‘ಕಾಶಿ’ ಯಾಕೆ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ನಮ್ಮ ಮನೆ ಮುಂದೆ ನಾಲ್ಕಡಿ ಅಗಲದ ಜಾಗವಿದೆ. ಕಾರು ನಿಲ್ಲಿಸಲು ಸಾಲದು, ಗಿಡಕ್ಕೆ ಧಾರಾಳ. ಮೇ ತಿಂಗಳು ಮುಗಿಯುತ್ತಾ ಬಂತು. ಎರಡು ಮಳೆ ಬಿದ್ದದ್ದೇ ತಡ, ಎಲ್ಲ ಗಿಡವೂ ಒಟ್ಟಿಗೆ ಹೂ ಬಿಟ್ಟು ಕೂತಿದೆ. ರಜೆಗೆ ಬಂದಿರುವ ಅಕ್ಕನ ಮಗಳಿಗೆ ಹೊತ್ತು ಹೋಗಲಿ ಎಂದು ಒಂದು ಕೆಲಸ ಕೊಟ್ಟೆ. ಪ್ರತಿ ಗಿಡದ ಹೆಸರನ್ನೂ ಕನ್ನಡದಲ್ಲಿ ಬರೆದು, ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿ, ಬುಡದಲ್ಲಿ ಚುಚ್ಚಬೇಕು. ದಾಸವಾಳ, ನಂದಿಬಟ್ಟಲು, ಕನಕಾಂಬರ ಸಲೀಸಾಗಿ ಆದವು. ಗೇಟಿನ ಪಕ್ಕದ ಮರಕ್ಕೆ ‘ದೇವಗಣಗಿಲೆ’ ಅಂತ ಹೇಳಿದೆ. ಬರೆದಳು. ಬರೆದು ನೋಡಿ ಕೇಳಿದಳು: “ಮಾಮ, ದೇವಗಣ ಗೊತ್ತು. ಗಿಲೆ ಅಂದ್ರೆ ಏನು?”

ನಗು ಬಂತು. ಆದರೆ ತಪ್ಪು ಅವಳದ್ದಲ್ಲ. ಬರೆದ ಪದವನ್ನು ಕಣ್ಣು ಹಾಗೇ ಒಡೆಯುತ್ತದೆ. ಇದು ದೇವ ಮತ್ತು ಕಣಗಿಲೆ ಸೇರಿ ಆದ ಪದ, ಆದೇಶ ಸಂಧಿಯಿಂದ ‘ಕ’ ಹೋಗಿ ‘ಗ’ ಬಂದಿದೆ, ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದ ಹಾಗೆ ಅಂತ ವಿವರಿಸಿದೆ. ತಲೆ ಆಡಿಸಿದಳು. ಮುಂದಿನ ಕುಂಡ ಕಾಶಿಕಣಗಿಲೆಯದು. ಅದನ್ನು ಹೇಳಿದ ತಕ್ಷಣ, “ಹಾಗಾದ್ರೆ ಇದು ಕಾಶಿಗಣಗಿಲೆ ಆಗ್ಬೇಕು ಅಲ್ವಾ?” ಎಂದಳು. ಅಲ್ಲಿಗೆ ನಾನು ಸಿಕ್ಕಿಬಿದ್ದೆ.

ಬಾಯಲ್ಲಿ ‘ಕಾಶಿಗಣಗಿಲೆ’ ಎಂದದ್ದನ್ನು ನಾನಂತೂ ಕೇಳಿಲ್ಲ. ಆದೇಶ ಸಂಧಿ ಎಲ್ಲ ಕಡೆಯೂ ಆಗಲೇಬೇಕೆಂದಿಲ್ಲ, ಸರಿ. ನಮ್ಮೂರಲ್ಲೇ ನೋಡಿ. ಹೊಸಗನ್ನಡ ಎನ್ನುತ್ತೇವೆ, ಆದರೆ ಹೊಸಕೋಟೆ, ಹೊಸಕೆರೆಹಳ್ಳಿ ಹಾಗೇ ಉಳಿದಿವೆ. ಊರಿನ ಹೆಸರಾದಾಗ ಕಿವಿಗೆ ‘ಕೋಟೆ’, ‘ಕೆರೆ’ ಸ್ಪಷ್ಟವಾಗಿ ಕೇಳಬೇಕು ಅನ್ನಿಸಿರಬಹುದು. ಹೂವಿನ ವಿಷಯದಲ್ಲಿ ಒಂದಕ್ಕೆ ಸಂಧಿ, ಇನ್ನೊಂದಕ್ಕೆ ಇಲ್ಲ. ‘ದೇವಕಣಗಿಲೆ’ ಎಂದೇ ಬರೆಯುವವರೂ ಇದ್ದಾರೆ. ಕಟ್ಟುನಿಟ್ಟಿನವರು ಸಂಸ್ಕೃತದ ‘ದೇವ’ಕ್ಕೆ ಕನ್ನಡದ ‘ಕಣಗಿಲೆ’ ಸೇರಿಸಿದ್ದೇ ಅರಿಸಮಾಸ ಎಂದಾರು. ಅವರ ಗೊಡವೆ ಬೇಡ, ಹೆಸರಿಟ್ಟವರು ವ್ಯಾಕರಣ ಕೇಳಿ ಇಟ್ಟಿಲ್ಲ.

ಇನ್ನೊಂದು ಸಂಗತಿ. ನಮ್ಮ ಬೀದಿಗೆ ಹೂ ತರುವ ಅಮ್ಮ ‘ಗಣಗಲೆ’ ಎಂದೇ ಕೂಗುತ್ತಾರೆ. ದೇವಗಣಗಿಲೆಯಲ್ಲ, ಬರೀ ಗುಲಾಬಿ ಬಣ್ಣದ ಕಣಗಿಲೆಗೆ. ಮೊಗ್ಗನ್ನು ಒತ್ತಾಗಿ ಕಟ್ಟಿ ಹಾರ ಮಾಡುತ್ತಾರಲ್ಲ, ಅದಕ್ಕೆ. ಸಂಧಿಯಲ್ಲಿ ಹುಟ್ಟಿದ ‘ಗ’ ಹಿಂದಕ್ಕೆ ಹರಿದು ಮೂಲ ಪದಕ್ಕೇ ಅಂಟಿಕೊಂಡಿತೇ? ಅಥವಾ ಸುಮ್ನೆ ಮುಂದಿನ ‘ಗ’ದ ಎಳೆತವೇ? ನನಗೆ ಮೊದಲನೆಯದು ಹೆಚ್ಚು ಇಷ್ಟ, ಇಷ್ಟ ಅಂದಮಾತ್ರಕ್ಕೆ ಸರಿ ಆಗುವುದಿಲ್ಲ ಬಿಡಿ. ನಿಮ್ಮ ಕಡೆ ಕಣಗಿಲೆ, ಕಣಗಲೆ, ಕಣಿಗಲೆ, ಗಣಗಲೆ, ಇವುಗಳಲ್ಲಿ ಯಾವುದಿದೆ ಹೇಳಿ.

ಈಗ ನನ್ನನ್ನು ನಿಜವಾಗಿ ಕಾಡಿದ ವಿಷಯ. ಕಣಗಿಲೆ ಎನ್ನುವುದು ಒಂದು ಗಿಡದ ಹೆಸರಾಗಿ ಹುಟ್ಟಿ, ಆಮೇಲೆ ಒಂದು ಮನೆತನದ ಹೆಸರಾಗಿಬಿಟ್ಟಿದೆ. ಹಾರಕ್ಕೆ ಕಟ್ಟುವ, ಹೆದ್ದಾರಿಯ ನಡುವೆ ಸಾಲಾಗಿ ನೆಡುವ ಉದ್ದ ಎಲೆಯ ಗಿಡ ಇಲ್ಲಿ ಬಹಳ ಹಳೆಯದು. ಮಿಕ್ಕವು ಆಮೇಲೆ ಬಂದ ನೆಂಟರು. ದೇವಗಣಗಿಲೆಯ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರೀಬಿಯನ್ ದ್ವೀಪಗಳು. ದೇವಸ್ಥಾನದ ಅಂಗಳದಲ್ಲಿ ನೋಡಿ ನೋಡಿ ನಾವು ಅದನ್ನು ಪುರಾಣದ ಕಾಲದ ಮರ ಎಂದುಕೊಂಡಿದ್ದೇವೆ. ಕಾಶಿಕಣಗಿಲೆ ಮಡಗಾಸ್ಕರಿನದು. ಬರಿಗೊಂಬೆಯಲ್ಲಿ ಹೂ ಬಿಡುವ ಎತ್ತರದ ಮರಕ್ಕೂ, ಮೊಣಕಾಲುದ್ದದ ಕುಂಡದ ಗಿಡಕ್ಕೂ ಒಂದೇ ಹೆಸರು ಕೊಟ್ಟವರು ಏನು ಕಂಡು ಕೊಟ್ಟರು?

ಮೊಗ್ಗು ನೋಡಿದರೆ ಗೊತ್ತಾಗುತ್ತದೆ. ಮೂರರಲ್ಲೂ ಐದು ಎಸಳು, ಮಡಚಿದ ಛತ್ರಿಯ ಹಾಗೆ ಒಂದರ ಮೇಲೊಂದು ಸುತ್ತಿಕೊಂಡಿರುತ್ತವೆ. ಅರಳಿದಾಗ ಜಾತ್ರೆಯ ಗಿರಗಿಟ್ಲೆಯ ಹಾಗೆ ಒಂದೇ ದಿಕ್ಕಿಗೆ ವಾಲಿರುತ್ತವೆ. ದೇವಗಣಗಿಲೆಯ ಎಲೆ ಕಿತ್ತರೆ ಬಿಳಿ ಹಾಲು ಸುರಿಯುತ್ತದೆ, ಕಣಗಿಲೆಯ ರಸ ಕೈಗೆ ಅಂಟುತ್ತದೆ. ಸಸ್ಯಶಾಸ್ತ್ರದವರೂ ಈ ಮೂರನ್ನೂ ಅಪೊಸೈನೇಸಿ ಎಂಬ ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ. ನಮ್ಮ ಅಜ್ಜಿಯರು ಭೂತಗನ್ನಡಿ ಇಲ್ಲದೆ ಸೇರಿಸಿದ್ದರು.

ನಂದಿಬಟ್ಟಲೂ ಅದೇ ಕುಟುಂಬ, ಅದಕ್ಕೂ ಹಾಲು, ಅದೂ ಗಿರಗಿಟ್ಲೆ. ಅದನ್ನು ಯಾರೂ ಕಣಗಿಲೆ ಎನ್ನುವುದಿಲ್ಲ. ಅದು ಈ ನೆಲದ ಗಿಡ, ಅದಕ್ಕೆ ಮೊದಲೇ ತನ್ನ ಹೆಸರಿತ್ತು. ಹೊರಗಿನಿಂದ ಬಂದವಕ್ಕೆ ಮಾತ್ರ ಇನ್ನೊಬ್ಬರ ಮನೆಹೆಸರು ಬೇಕಾಯಿತು ಎಂಬುದು ನನ್ನ ಲೆಕ್ಕ.

ಪಕ್ಕದ ಮನೆಯ ಅತ್ತೆ ತೆಲುಗಿನವರು. ಕಾಂಪೌಂಡಿನ ಆ ಕಡೆಯಿಂದಲೇ ನಮ್ಮ ಜಗಳ ಕೇಳಿಸಿಕೊಂಡು ಅವರ ಪಟ್ಟಿ ಹೇಳಿದರು. ಕಣಗಿಲೆ ಅವರಿಗೆ ಗನ್ನೇರು. ದೇವಗಣಗಿಲೆ ದೇವಗನ್ನೇರು. ಕಾಶಿಕಣಗಿಲೆ ಬಿಳ್ಳಗನ್ನೇರು. ಅವರ ಮನೆ ಮೂಲೆಯ ಹಳದಿ ಗಂಟೆಯಂಥ ಹೂ ಪಚ್ಚಗನ್ನೇರು, ಅಂದರೆ ಹಳದಿ ಕಣಗಿಲೆ. ತಮಿಳರೂ ಅದನ್ನು ಮಂಜಳ್ ಅರಳಿ ಎನ್ನುತ್ತಾರೆ, ಅರಳಿ ಎಂದರೆ ಕಣಗಿಲೆಯೇ. ಮೂರು ಭಾಷೆಯವರಿಗೂ ಒಂದೇ ಉಪಾಯ ಹೊಳೆದಿದೆ.

ಆ ಹಳದಿ ಹೂವಿಗೆ ಕನ್ನಡದಲ್ಲಿ ಏನು ಬರೆಯಬೇಕು ಎನ್ನುವುದೇ ಇನ್ನೊಂದು ತಕರಾರು. ನಮ್ಮ ಕಡೆ ಬಹಳ ಜನ ‘ಕರವೀರ’ ಎನ್ನುತ್ತಾರೆ. ಗಣಪತಿಗೆ ಏರಿಸುವ 21 ಪತ್ರೆಗಳಲ್ಲಿ ಕರವೀರವೂ ಒಂದು. ಹಬ್ಬದ ದಿನ ಬೆಳಿಗ್ಗೆ ನಾಲ್ಕಾರು ಮನೆಯವರು ಅತ್ತೆಯ ಗಿಡದ ಎಲೆ ಕೇಳಿಕೊಂಡು ಬರುತ್ತಾರೆ. ಆದರೆ ಈ ಹಳದಿ ಗಿಡವೂ ಅಮೆರಿಕದ ಕಡೆಯದು. 1492ರಲ್ಲಿ ಕೊಲಂಬಸ್ ಆ ಕಡೆ ಹೋಗುವ ಎಷ್ಟೋ ಮೊದಲಿನ ಸಂಸ್ಕೃತದಲ್ಲಿ ಕರವೀರ ಎಂದರೆ ಇದು ಆಗಿರಲು ಸಾಧ್ಯವೇ ಇಲ್ಲ. ಅಲ್ಲಿ ಕರವೀರ ಎಂದರೆ ನಮ್ಮ ಹಾರದ ಕಣಗಿಲೆ. ಒಂದೇ ಗಿಡಕ್ಕೆ ಎರಡು ಹೆಸರಿತ್ತು, ಹೊಸಬ ಬಂದಾಗ ಒಂದನ್ನು ಅವನಿಗೆ ಬಿಟ್ಟುಕೊಟ್ಟೆವು. ಹಾಗಂತ ಈಗ ಹಳದಿ ಹೂವಿಗೆ ಕರವೀರ ಎನ್ನುವುದು ತಪ್ಪು ಎಂದು ನಾನು ಹೇಳಲಾರೆ. ಜನ ಆಡುತ್ತಿದ್ದಾರೆ, ಅದೇ ಅರ್ಥ. ಪತ್ರೆಗೆ ಯಾವುದು ಎಂಬ ಪ್ರಶ್ನೆ ಬಂದರೆ ಮಾತ್ರ ನಾನು ಹಾರದ ಗಿಡದ ಕಡೆ.

ಎರಡೂ ವಿಷ ಎನ್ನುವುದನ್ನು ಮರೆಯಬಾರದು. ಹೃದಯದ ಬಡಿತವನ್ನೇ ಕೆಡಿಸುವ ವಿಷ. ಅಕ್ಕನ ಮಗಳಿಗೆ ಅದನ್ನು ಮುಟ್ಟಿದರೆ ಕೈ ತೊಳೆದುಕೋ ಎಂದೆ. ಅತ್ತೆ ಅಲ್ಲಿಂದಲೇ, “ಹಾಗಾದ್ರೆ ಇದು ದೇವಗಣ ಅಲ್ಲ, ರಾಕ್ಷಸಗಣ” ಎಂದರು. ಜಾತಕ ನೋಡುವ ಮನೆತನ ಅವರದು. ಕಾಶಿಕಣಗಿಲೆಯೂ ಬಾಯಿಗೆ ಹಾಕುವಂಥದ್ದಲ್ಲ. ಆದರೆ ಅದರಿಂದ ತೆಗೆದ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಇಂದಿಗೂ ಕ್ಯಾನ್ಸರಿಗೆ ಕೊಡುವ ಮದ್ದು. ಆ ಹೆಸರುಗಳ ಮುಂದಿನ ‘ವಿನ್’ ಗಿಡದ ಹಳೆಯ ಶಾಸ್ತ್ರೀಯ ಹೆಸರು ವಿಂಕಾದಿಂದ ಬಂದದ್ದು. ನರ್ಸರಿಯವರು ಇಂದಿಗೂ ವಿಂಕಾ ಎಂದೇ ಮಾರುತ್ತಾರೆ. ಶಾಸ್ತ್ರದವರು ಹೆಸರು ಬದಲಿಸಿದರು, ನರ್ಸರಿಯವರು ಬದಲಿಸಲಿಲ್ಲ.

ಉಳಿದದ್ದು ‘ಕಾಶಿ’. ಮಡಗಾಸ್ಕರಿನ ಗಿಡಕ್ಕೂ ಕಾಶಿಗೂ ಏನು ನಂಟು? ಹೊರಗಿನಿಂದ ಬಂದದ್ದಕ್ಕೆ ನಾವು ‘ಸೀಮೆ’ ಹಚ್ಚುತ್ತೇವೆ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ. ದೂರದ್ದು ಎನ್ನಲು ‘ಕಾಶಿ’ಯೂ ಹಾಗೇ ಬಳಕೆಯಾಯಿತೇ? ಕಾಶಿಹಲ್ವ, ಕಾಶಿದಾರ ಇವೆ. ತಮಿಳಿನಲ್ಲಿ ಕರ್ಣಕುಂಡಲದ ಹೂವಿಗೆ ಕಾಶಿತ್ತುಂಬೈ ಎನ್ನುತ್ತಾರೆ. ಹಾಗಾದರೆ ಇದು ಕನ್ನಡಕ್ಕಷ್ಟೇ ಸೇರಿದ ರೂಢಿಯಲ್ಲ. ಇಂಥ ‘ಕಾಶಿ’ ಪದಗಳು ನಿಮ್ಮ ಅಡುಗೆಮನೆಯಲ್ಲಿ, ಹೊಲದಲ್ಲಿ ಇದ್ದರೆ ದಯವಿಟ್ಟು ಬರೆಯಿರಿ. ನಿತ್ಯಪುಷ್ಪ, ಸದಾಪುಷ್ಪ ಎನ್ನುವವರೂ ಹೇಳಿ, ಆ ಹೆಸರು ಮನೆಯಲ್ಲಿ ಕೇಳಿದ್ದೋ ಪುಸ್ತಕದಲ್ಲಿ ಓದಿದ್ದೋ ಅಂತ.

ಕೊನೆಯದು. ಮೆಟ್ಟಿಲ ಮೇಲೆ ಅಡೇನಿಯಂ ಇದೆ. ಬುಡ ಗೆಣಸಿನ ಹಾಗೆ ಉಬ್ಬಿ, ತುದಿಯಲ್ಲಿ ಕೆಂಪು ಹೂ. ಆಫ್ರಿಕ, ಅರೇಬಿಯಾದ ಒಣನೆಲದ ಗಿಡ. ಕೊಟ್ಟ ನರ್ಸರಿಯವನು ‘ಮರುಭೂಮಿ ಗುಲಾಬಿ’ ಎಂದ. ಗುಲಾಬಿಗೂ ಅದಕ್ಕೂ ಸಂಬಂಧವೇ ಇಲ್ಲ. ಮೊಗ್ಗು ನೋಡಿದರೆ ಅದೇ ಮಡಚಿದ ಛತ್ರಿ, ಅದೇ ಕುಟುಂಬ. ‘ಮರಳುಗಣಗಿಲೆ’ ಎಂದು ನಾನು ಸೂಚಿಸಿದೆ. ಅಕ್ಕನ ಮಗಳು ‘ಗೆಣಸುಗಣಗಿಲೆ’ ಎಂದಳು. ಅವಳದ್ದೇ ಚೆನ್ನಾಗಿದೆ ಅನ್ನಿಸುತ್ತದೆ, ಕಣ್ಣಿಗೆ ಕಂಡದ್ದನ್ನು ಹೇಳುತ್ತದೆ. ನೀವೇನಂತೀರಿ? ಸೋಮವಾರ ಅವಳು ಊರಿಗೆ ಹೊರಡುತ್ತಾಳೆ. ಆ ಒಂದು ಕಡ್ಡಿ ಮಾತ್ರ ಇನ್ನೂ ಖಾಲಿ ಇದೆ.